ಸದನದ ವಶಕ್ಕೆ

"ಆಡಿದ ಮಾತು ವಾಪಸ್ ತಗೊಳ್ಳಿ, ವಕೀಲರೇ," ಎಂದರು ಸಭಾಧ್ಯಕ್ಷರು.

ವಕೀಲರು ತಗೊಳ್ಳಲಿಲ್ಲ. ಪಕ್ಕದಲ್ಲಿದ್ದ ಮಗಳು ಗಾಬರಿಯಿಂದ ಅವರತ್ತ ತಿರುಗಿದಳು. ಅವಳೂ ವಕೀಲೆ, ಎರಡು ವರ್ಷದಿಂದ ಅಪ್ಪನ ಕೈಕೆಳಗೇ ಕಲಿಯುತ್ತಿದ್ದಳು. ಇರುವೆಗೂ ದಾರಿ ಬಿಟ್ಟು ನಡೆಯುವ ಮನುಷ್ಯ, ಮೂವತ್ತು ವರ್ಷದಲ್ಲಿ ಯಾವ ನ್ಯಾಯಾಧೀಶರಿಗೂ ಎದುರಾಡಿದವರಲ್ಲ. ಇಂದು ಇಡೀ ಶಾಸನಸಭೆಯನ್ನು ಸಂತೆ ಎಂದುಬಿಟ್ಟಿದ್ದರು.

ಚುನಾವಣೆಯ ತಕರಾರುಗಳನ್ನು ಅಲ್ಲಿ ಸದನವೇ ವಿಚಾರಿಸುತ್ತಿತ್ತು. ಇವರ ಕಕ್ಷಿದಾರ ಸೋತದ್ದು ಹನ್ನೊಂದು ಮತಗಳಿಂದ. ಒಂದು ಮತಪೆಟ್ಟಿಗೆಯ ಮೊಹರು ಮೊದಲೇ ಒಡೆದಿತ್ತೆಂದು ನಾಳೆ ಸಾಬೀತು ಮಾಡಬೇಕಿತ್ತು. ಜೊತೆಗಿದ್ದ ಮೂರನೆಯ ವಕೀಲರು ನಿನ್ನೆ ತಮ್ಮ ಮನೆಯ ಮೆಟ್ಟಿಲಿಂದ ಬಿದ್ದು ಆಸ್ಪತ್ರೆ ಸೇರಿದ್ದರು. ಉಳಿದವರು ಇವರಿಬ್ಬರೇ. ಇಂಥ ಹೊತ್ತಿನಲ್ಲಿ ಹುತ್ತಕ್ಕೆ ಕೈ ಹಾಕುವುದೇ?

ಅಪ್ಪನಿಗೂ ಭಯವಾಗಿದೆಯೆಂದು ಅವಳಿಗೆ ಕಾಣುತ್ತಿತ್ತು. ಬೆಳಿಗ್ಗೆಯಿಂದ ನೀರು ಕುಡಿಯುವ ನೆಪದಲ್ಲಿ ನಾಲ್ಕು ಸಲ ಎದ್ದು ಕಿಟಕಿಯ ಬಳಿ ನಿಂತು ಬಂದಿದ್ದರು. ಕೆಳಗೆ ಇವರ ಕಾರಿಗೆ ಒರಗಿಕೊಂಡು ಯಾರೋ ಇಬ್ಬರು ಸಿಗರೇಟು ಸೇದುತ್ತಿದ್ದರು.

"ಕ್ಷಮೆ ಕೇಳಿ, ಮನೆಗೆ ಹೋಗಿ," ಅಧ್ಯಕ್ಷರು ಮೆತ್ತಗಾದರು. "ನಮಗೂ ಸಾಕಾಗಿದೆ."

"ಅಪ್ಪಾ, ದಮ್ಮಯ್ಯ, ಕೇಳಿಬಿಡಿ," ಮಗಳು ಪಿಸುಗುಟ್ಟಿದಳು.

ವಕೀಲರು ಎದ್ದು ನಿಂತರು. "ಸಂತೆ ಅಂದದ್ದು ತಪ್ಪಾಯ್ತು."

ಮಗಳು ಉಸಿರು ಬಿಟ್ಟಳು.

"ಸಂತೇಲಿ ತಕ್ಕಡಿನಾದ್ರೂ ಇರುತ್ತೆ," ಎಂದರು ವಕೀಲರು. "ನನ್ನ ಮಗಳ ಅಭಿಪ್ರಾಯಾನೂ ಇದೇ."

ಸದಸ್ಯರು ಮೇಜು ಗುದ್ದಿದರು. ಗದ್ದಲ ಇಳಿಯುವವರೆಗೆ ಕಾದು ಅಧ್ಯಕ್ಷರು ಅವಳತ್ತ ತಿರುಗಿದರು. "ಹೌದೇನಮ್ಮಾ? ಅಲ್ಲ ಅಂದ್ರೆ ನೀವೊಬ್ಬರು ಈಗಲೇ ಹೊರಡಬಹುದು."

ಅಪ್ಪನ ಮುಖ ಬಿಳಿಚಿಕೊಂಡಿತು. ಅವಳ ಕರಿಕೋಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಮ್ಮ ಸತ್ತ ದಿನವೂ ಅವರು ಹೀಗೆ ಹೆದರಿದ್ದನ್ನು ಅವಳು ಕಂಡಿರಲಿಲ್ಲ. ಇಂಥವರನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ?

"ಹೌದು," ಎಂದಳು, ಅಳು ನುಂಗಿಕೊಂಡು. "ಅಪ್ಪ ಹೇಳಿದ್ದೇ ನನ್ನ ಮಾತು."

ಆಜ್ಞೆಯಾಯಿತು. ಇಬ್ಬರೂ ಸದನದ ವಶದಲ್ಲಿರಬೇಕು. ನಾಳೆ ವಿಚಾರಣೆಯ ಹೊತ್ತಿಗೆ ಮಾರ್ಷಲ್ಲೇ ಅವರನ್ನು ಕರೆತರಬೇಕು.

ಮಾರ್ಷಲ್ ಅವರನ್ನು ಕಟ್ಟಡದ ಹಿಂಭಾಗದ ಕೋಣೆಗೆ ಕರೆದೊಯ್ದ. ಎರಡು ಬೆಂಚು, ಒಂದು ದೀಪ, ಕಬ್ಬಿಣದ ಬಾಗಿಲು. ಕಿಟಕಿಯೂ ಇಲ್ಲ. ದೊಡ್ಡ ಮನುಷ್ಯರನ್ನು ಕೂಡಿಹಾಕಲು ಅವನಿಗೇ ಸಂಕೋಚ. "ತಪ್ಪು ತಿಳ್ಕೋಬೇಡಿ ಸಾರ್, ಹೊರಗಿಂದ ಬೀಗ ಹಾಕಲೇಬೇಕು," ಎಂದ.

ವಕೀಲರು ಮಗಳನ್ನು ಮೊದಲು ಒಳಗೆ ಕಳಿಸಿ, ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ತಡವಿ ನೋಡಿದರು. "ಒಳಗಡೆಯಿಂದಲೂ ಚಿಲಕ ಇದೆಯೇನಪ್ಪಾ?" ಎಂದು ಕೇಳಿದರು. "ನಮ್ಮ ಗೆಳೆಯರನ್ನ ಮೆಟ್ಟಿಲಿಂದ ತಳ್ಳಿದೋರು ಇನ್ನೂ ಕಾರಿನ ಹತ್ರಾನೇ ನಿಂತಿದಾರೆ."