ಬಾಯಿ ಬಿಡದ ವೈರಸ್

ವೈರಸ್‌ಗಳು ಮಾತು ಕಲಿತ ಮೇಲೆ ಆಸ್ಪತ್ರೆಯಲ್ಲಿ ರೋಗಿಗಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಗುಮಾಸ್ತ, ರೋಗಿ ನೀಲವ್ವನ ಮಣಿಕಟ್ಟಿಗೆ ಮೈಕು ಹಿಡಿದ. ಅವಳ ಮೈಯೊಳಗೆ ಹದಿನೆಂಟು ವರ್ಷದಿಂದ ಮಾತ್ರೆಗೆ ತಗ್ಗಿಬಗ್ಗಿ ನಡೆಯುತ್ತಿದ್ದ ಎಚ್‌ಐವಿ, "ಹಾಜರ್ ಅದೀನ್ರಿ" ಎಂದಿತು.

"ಲಿವರಿನ್ಯಾಗ ಕಾಮಾಲಿ ವೈರಸ್ಸೂ ಸೇರ್ಕೊಂಡೈತ್ರಿ," ಎಂದಳು ನೀಲವ್ವ. "ಮೂರನೇ ಸಲ ಹೇಳಾಕತ್ತೀನಿ. ಅದಕ್ಕೂ ಗುಳಿಗಿ ಕೊಡ್ರಿ."

ಗುಮಾಸ್ತ ಮೈಕನ್ನು ಅವಳ ಪಕ್ಕೆಗೆ ಒತ್ತಿದ. ಸದ್ದಿಲ್ಲ. "ಅದ ಬಾಯಿ ಬಿಟ್ಟು ಹೇಳ್ಲಿ, ಬರ್ಕೋತೀನಿ."

"ಐತ್ರಿ ಸಾಹೇಬ್ರ, ನನ್ನ ಮಗ್ಗಲಾಗ ಕುಂತೈತಿ," ಎಂದು ಎಚ್‌ಐವಿಯೇ ಹೇಳಿತು.

"ಒಂದ ಮನ್ಯಾಗಿನವರ ಸಾಕ್ಷಿ ನಡ್ಯಂಗಿಲ್ಲ."

ನೀಲವ್ವ ಹಳದಿಗಟ್ಟಿದ ಕಣ್ಣುಗಳನ್ನು ಅರಳಿಸಿ ಅವನ ಮುಖದತ್ತ ಬಗ್ಗಿದಳು. "ನನ್ನ ಕಣ್ಣರ ನೋಡೋ ಯಪ್ಪಾ!"

"ಯವ್ವಾ, ವೈರಸ್ ಜೋಡಿ ಮಾತಾಡಾಕತ್ತೀನಿ," ಗುಮಾಸ್ತ ರೇಗಿದ. "ನಡುವ ನೀ ಬಾಯಿ ಹಾಕಬ್ಯಾಡ."