ನೀಲಕ್ಕನ ಕಿವಿ ಯಂತ್ರ

ನೀಲಕ್ಕ ಎದೆಯ ಮೇಲಿನ ಡಬ್ಬಿಯ ಗುಂಡಿ ತಿರುಗಿಸಿದ್ದೇ ತಡ, ಕ್ಲಾಸಿನ ತುಂಬ ಸೀಟಿಯಂಥ ಸದ್ದು ಎದ್ದಿತು. ಹುಡುಗಿಯರು ನಕ್ಕರು. ಕರಿಹಲಗೆಯ ಮುಂದೆ ನಿಂತಿದ್ದ ನಿರ್ಮಲಮ್ಮ ಮಾತ್ರ ನಗಲಿಲ್ಲ.

ಅದು ದಾವಣಗೆರೆಯ ಹತ್ತಿ ವ್ಯಾಪಾರಿ ಬಕ್ಕೇಶಪ್ಪ ಮಗಳಿಗಾಗಿ ಬೊಂಬಾಯಿಯಿಂದ ತಂದ ಕಿವಿ ಯಂತ್ರ. ಡಬ್ಬಿಯಿಂದ ಒಂದು ವೈರು ಕಿವಿಗೆ. ಲಿಂಗದ ಕರಡಿಗೆಯ ಪಕ್ಕದಲ್ಲಿ ಇದೆಂಥದು ಎಂದು ಅವಳ ಅಜ್ಜಿ ಗೊಣಗಿದ್ದರಂತೆ.

ಟೈಫಾಯ್ಡಿನಲ್ಲಿ ಕಿವಿ ಕಳೆದುಕೊಂಡ ಹುಡುಗಿ ಎಂದೇ ನಿರ್ಮಲಮ್ಮ, ಪಕ್ಕದ ಕ್ಲಾಸಿನ ಟೀಚರು ಕಸ್ತೂರಮ್ಮ ಇಬ್ಬರೂ ಮಧ್ಯಾಹ್ನ ಅವಳಿದ್ದ ಕೋಣೆಯಲ್ಲೇ ಬುತ್ತಿ ಬಿಚ್ಚುತ್ತಿದ್ದರು. ಅವಳೆದುರಿಗೇ ನಿರ್ಮಲಮ್ಮ ಎಲ್ಲವನ್ನೂ ಹೇಳಿಕೊಂಡಿದ್ದರು. ಮಿಲಿಟರಿಯಲ್ಲಿದ್ದಾನೆಂದು ಊರೆಲ್ಲ ನಂಬಿದ ಗಂಡ ಹರಿಹರದಲ್ಲೇ, ರೈಲ್ವೆ ಸ್ಟೇಶನ್ನಿನ ಹಿಂದೆ, ಇನ್ನೊಬ್ಬಳ ಜೊತೆ ಸಂಸಾರ ಮಾಡುತ್ತಿದ್ದ. ಸಿಪಾಯಿಯ ಹೆಂಡತಿ ಎಂದೇ ಮನೆಯೊಡತಿ ಈ ಒಂಟಿ ಹೆಂಗಸಿಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದಳು. ನಿಜ ತಿಳಿದರೆ ಟ್ರಂಕು ಬೀದಿಯಲ್ಲಿ.

ಇವತ್ತು ಮಧ್ಯಾಹ್ನ ನಿರ್ಮಲಮ್ಮ ಬುತ್ತಿ ಬಿಚ್ಚದೆ ನೀಲಕ್ಕನ ಡಬ್ಬಿಯನ್ನೇ ನೋಡುತ್ತ ಕೂತರು.

"ನಿನ್ನೆಯಷ್ಟೇ ಹಾಕ್ಕಂಡು ಬಂದೈತೆ ಹುಡುಗಿ. ಹಿಂದಿನ ಮಾತು ಹೆಂಗೆ ಕೇಳಿಸೀತು, ಬಿಡ್ರಿ," ಎಂದರು ಕಸ್ತೂರಮ್ಮ ದನಿ ತಗ್ಗಿಸಿ.

"ನಿನ್ನೆ ಅಂತ ಯಾರು ಹೇಳಿದ್ರು? ವೈರನ್ನ ಜಡೆಯೊಳಗೆ ಮುಚ್ಚಿಕಂಡು ಎಷ್ಟು ದಿನ ಬಂದಿದ್ಳೋ."

"ನಿಮಗೆ ಗೋಡೆ ಮೇಲೂ ಅನುಮಾನ."

ನಿರ್ಮಲಮ್ಮ ಎದ್ದು ನೀಲಕ್ಕನ ಬೆಂಚಿನ ಬಳಿ ಹೋದರು. "ಇದು ಪಾಠಕ್ಕೆ ಅಡ್ಡಿ ಆಗ್ತೈತೆ. ತೆಗೆದು ಇತ್ಲಾಗೆ ಕೊಡು."

"ಬ್ಯಾಡ್ರಿ ಅಕ್ಕೋರೆ. ಇನ್ನೊಂದು ಸಲ ಸದ್ದು ಬರದಂಗೆ ಇಟ್ಕಂತೀನಿ."

"ಕೊಡು ಅಂದೆ."

ನೀಲಕ್ಕ ಕಿವಿಯ ಬಿರಡೆ ಕಿತ್ತು, ವೈರು ಸುತ್ತಿ, ಡಬ್ಬಿಯನ್ನು ಅವರ ಅಂಗೈಯಲ್ಲಿಟ್ಟಳು. ನಿರ್ಮಲಮ್ಮ ನಿಟ್ಟುಸಿರುಬಿಟ್ಟು ಕಸ್ತೂರಮ್ಮನ ಕಡೆ ನೋಡಿದರು. "ಇನ್ನು ಒಂದು ಅಕ್ಷರಾನೂ ಕೇಳಲ್ಲ."

"ಕೇಳಲ್ರಿ ಅಕ್ಕೋರೆ," ಎಂದಳು ನೀಲಕ್ಕ. "ತುಟಿ ಕಾಣ್ತೈತೆ."

ಕಸ್ತೂರಮ್ಮ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದರು.

"ಹರಿಹರದ ಮಾತು ಹೋದ ವರ್ಷಾನೇ ತಿಳಿದಿತ್ತು. ಯಾರಿಗೂ ಹೇಳಿಲ್ಲ. ನೀವು ಬೋರ್ಡಿನ ಕಡೆ ತಿರುಗಿ ಹೇಳೋ ಪಾಠ ಒಂದೇ ತಿಳೀತಿರ್ಲಿಲ್ಲ. ಅದಕ್ಕೇ ಅಪ್ಪ ಡಬ್ಬಿ ತಂದಿದ್ದು."

ಅವಳು ಕೈ ಚಾಚಿದಳು. ಡಬ್ಬಿ ಹಿಡಿದ ಕೈಯಿಂದಲೇ ನಿರ್ಮಲಮ್ಮ ಸೆರಗೆಳೆದು ಬಾಯಿ ಮುಚ್ಚಿಕೊಂಡರು.