ಅರ್ಧ ತೊಟ್ಟು ಹಳದಿ

ಕೆಲಸ ಕೇಳಿಕೊಂಡು ಬಂದಿದ್ದ ಹುಡುಗಿ ಮೂರನೆಯ ಸಲ ಬೆರೆಸಿದ ತಿಳಿನೀಲಿಯನ್ನು ಕಾರ್ಡಿನ ಮೇಲೆ, ಮಾದರಿ ಬಣ್ಣದ ಪಕ್ಕದಲ್ಲೇ ಬಳಿದಳು. ಒಣಗಿದ ಮೇಲೆ ಬಣ್ಣ ಪರೀಕ್ಷಿಸುವ ಮೇಷ್ಟ್ರು ಅದನ್ನು ದೀಪದಡಿ ಹಿಡಿದು ನೋಡಿದರು. ಆ ಬಣ್ಣದ ಕಾರ್ಖಾನೆಯಲ್ಲಿ ಮೂವತ್ತು ವರ್ಷಗಳಿಂದ ಅವರು ಹೂಂ ಎಂದ ಮೇಲೆಯೇ ಬಣ್ಣ ಡಬ್ಬಿಗೆ ಇಳಿಯುತ್ತಿತ್ತು.

"ಪಾಸು," ಎಂದು ಕಾರ್ಡನ್ನು ಅವಳ ಕೈಗೇ ಕೊಟ್ಟರು. "ಮೊದಲು ಪಾಸಾದ ಕಾರ್ಡು ಬೆರೆಸಿದವರಿಗೇ ಸೇರ್ಬೇಕು, ಅದು ಇಲ್ಲಿಯ ಪದ್ಧತಿ. ಸೋಮವಾರದಿಂದ ಬಾಮ್ಮ."

ಅವಳ ರಸಾಯನಶಾಸ್ತ್ರದ ಪದವಿ ಮುಗಿದು ಹದಿನಾಲ್ಕು ತಿಂಗಳಾಗಿತ್ತು. ಹೋದಲ್ಲೆಲ್ಲ ಅನುಭವ ಎಷ್ಟು ವರ್ಷ ಎಂದು ಕೇಳುವವರೇ. ಹುಟ್ಟುವಾಗಲೇ ಹೊತ್ತು ತರಬೇಕಿತ್ತೇನೋ. ಒಬ್ಬರಂತೂ ಅವಳ ಅರ್ಜಿಯ ಮೇಲೆ ಚಹಾದ ಲೋಟ ಇಟ್ಟುಕೊಂಡೇ ಸಂದರ್ಶನ ಮುಗಿಸಿದ್ದರು. ಈಗ ಮೆಟ್ಟಿಲಿಳಿಯುತ್ತಲೇ ಅಮ್ಮನಿಗೆ ಫೋನ್ ಮಾಡಿದಳು.

"ಸಿಕ್ತಮ್ಮ."

ಅಮ್ಮ ಆಗಲೇ ಫೋನಿಡುವ ಆತುರದಲ್ಲಿದ್ದರು. "ತಡಿ, ಮೊದಲು ನಿನ್ನ ದೊಡ್ಡಮ್ಮಂಗೆ ಹೇಳ್ತೀನಿ. ದಿನಾ ಕೇಳಿ ಕೇಳಿ ನನ್ನ ಜೀವ ತಿಂದಿದಾರೆ."

ಅಮ್ಮನಿಗೆ ಫೋಟೊ ಕಳಿಸೋಣವೆಂದು ಗೇಟಿನ ಬಳಿ ಕಾರ್ಡನ್ನು ಬಿಸಿಲಿಗೆ ಹಿಡಿದಳು. ಅವಳು ಬಳಿದ ನೀಲಿಯಲ್ಲಿ, ದೀಪದಡಿ ಕಾಣದಿದ್ದ ಹಸಿರು ಇಣುಕುತ್ತಿತ್ತು. ಗೇಟು ಎರಡೇ ಹೆಜ್ಜೆ. ಸುಮ್ಮನೆ ದಾಟಿದ್ದರೆ ಕೇಳುವವರು ಯಾರೂ ಇರಲಿಲ್ಲ, ದೊಡ್ಡಮ್ಮನ ಬಾಯಿಯೂ ಮುಚ್ಚಿರುತ್ತಿತ್ತು. ಹುಡುಗಿ ಮತ್ತೆ ಮೆಟ್ಟಿಲು ಹತ್ತಿದಳು. ಆ ಧೈರ್ಯ ನನಗಂತೂ ಆ ವಯಸ್ಸಿನಲ್ಲಿ ಇರಲಿಲ್ಲ.

"ಸಾರ್, ಇದು ಪಾಸಾಗಬಾರದಿತ್ತು. ಅರ್ಧ ತೊಟ್ಟು ಹಳದಿ ಜಾಸ್ತಿ ಬಿದ್ದಿದೆ."

"ನಾನೇ ನೋಡಿದೀನಲ್ಲಮ್ಮ."

"ಕಿಟಕಿ ಹತ್ರ ಒಂದ್ಸಲ ನೋಡಿ ಸಾರ್. ಕೆಲಸ ಕೊಡದಿದ್ರೂ ಪರವಾಗಿಲ್ಲ."

ಅವಳು ಕಾರ್ಡನ್ನು ಮುಂದೆ ಚಾಚಿದಳು. ಮೇಷ್ಟ್ರು ಕಿಟಕಿಗೆ ಹೋದರು. ಕನ್ನಡಕ ತೆಗೆದು ನೋಡಿದರು, ಒರೆಸಿ ಹಾಕಿಕೊಂಡು ನೋಡಿದರು. ಅವರ ಕಣ್ಣಿಗೆ ಎರಡೂ ಒಂದೇ ನೀಲಿ. ನೀಲಿ ಹಸಿರಿಗೆ ತಿರುಗಿದೆ ಎಂದು ಹೋದ ತಿಂಗಳು ಎರಡು ಲಾರಿ ಮಾಲು ವಾಪಸು ಬಂದಿತ್ತು. ಬೆರೆಸುವವರನ್ನೆಲ್ಲ ಸಾಲಾಗಿ ನಿಲ್ಲಿಸಿ ಅವರು ಬಾಯಿಗೆ ಬಂದಂತೆ ಬೈದಿದ್ದರು.

ಅವರು ತಿರುಗಿ ಬಂದು ಕಾರ್ಡನ್ನು ಅವಳ ಕೈಗೆ ವಾಪಸು ಕೊಟ್ಟರು. ಈಗಷ್ಟೇ ಬಂದ ಹುಡುಗಿಯ ಮುಂದೆ ಮೂವತ್ತು ವರ್ಷದ ಹೆಸರನ್ನು ಕೆಳಗಿಡುವುದು ಸಣ್ಣ ಮಾತಲ್ಲ.

"ನನಗೆ ಕಾಣಿಸ್ತಿಲ್ಲಮ್ಮ," ಎಂದರು ಕೊನೆಗೆ. "ಸೋಮವಾರದಿಂದ ನಾನು ಬೆರೆಸ್ತೀನಿ. ಪಾಸು ಮಾಡೋದು ನೀನು."